ದುರುಗಪ್ಪನ ಜೋಡಿ

ಸಿರುಗುಪ್ಪದ ಅಕ್ಕಿ ಮಿಲ್ಲುಗಳಲ್ಲಿ ಹಮಾಲಿ ಮಾಡುವ ದುರುಗಪ್ಪನಿಗೆ ದೇವರು ಕೈಬಿಚ್ಚಿ ಕೊಟ್ಟಿದ್ದು ಎರಡೇ: ಲಾರಿ ಹಾರ್ನನ್ನೂ ಮೀರಿಸುವ ಗಂಟಲು, ಹಮಾಲರ ಸಂಘದ ಅಧ್ಯಕ್ಷನಾಗಬೇಕೆಂಬ ಹುಚ್ಚು. ಆಂಧ್ರದಿಂದ ಬಂದ ಡ್ರೈವರ್‌ಗಳನ್ನು ತೆಲುಗಿನಲ್ಲಿ ಬೈಯುತ್ತಿದ್ದ, ಮಿಲ್ಲಿನ ಗುಮಾಸ್ತನನ್ನು ಕನ್ನಡದಲ್ಲಿ ಬೈಯುತ್ತಿದ್ದ, ಹೆಂಡತಿ ಪಾರಮ್ಮ ಎದುರಿಗೆ ಬಂದರೆ ಮಾತ್ರ ಎರಡೂ ಭಾಷೆ ಮರೆಯುತ್ತಿದ್ದ. ನಲವತ್ತೈದು ದಾಟಿದ ಗಂಡಸು, ಬಾಗಿಲ ತುಂಬ ಭುಜ. ಅಂಥವನು ಯಾರಾದರೂ ತಮಾಷೆಗೆ “ಏನ್ರಿ ಅಧ್ಯಕ್ಷರೇ” ಎಂದರೆ ಸಾಕು, ಮದುಮಗನ ಹಾಗೆ ನಾಚಿ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ.

ಈ ಹುಚ್ಚು ಹತ್ತಿದ್ದು ಅವನಿಗೆ ಇಪ್ಪತ್ತು ವರ್ಷವಾಗಿದ್ದಾಗ. ಒಂದು ದಿನ ಲಾರಿಗೆ ಹಚ್ಚಿದ್ದ ಹಲಗೆ ಮುರಿದು ಒಬ್ಬ ಹಮಾಲನ ಕಾಲ ಮೇಲೆ ತುಂಬಿದ ಚೀಲ ಬಿತ್ತು. ಮಾಲೀಕ ಕುರ್ಚಿ ಬಿಟ್ಟು ಏಳಲಿಲ್ಲ. ಆಗ ಸಂಘದ ಅಧ್ಯಕ್ಷನಾಗಿದ್ದ ಹಾಲಸಿದ್ದಪ್ಪ ಬಳ್ಳಾರಿಯಿಂದ ಬಸ್ಸು ಹಿಡಿದು ಬಂದ, ಅಂಗಳದಲ್ಲಿ ನಿಂತು ಒಂದೇ ಮಾತು ಹೇಳಿದ: “ಚೀಲ ಇಳಸ್ರಿ.” ನಲವತ್ತು ಜನ ಚೀಲ ಇಳಿಸಿದರು. ಮಿಲ್ಲು ಗಪ್ಪಾಯಿತು. ಅರ್ಧ ತಾಸಿನಲ್ಲಿ ಮಾಲೀಕನೇ ಎದ್ದು ಬಂದು ತನ್ನ ಕಾರಿನಲ್ಲಿ ಆ ಹಮಾಲನನ್ನು ಆಸ್ಪತ್ರೆಗೆ ಕರೆದೊಯ್ದ. ಅಬ್ಬಬ್ಬಾ, ಎರಡು ಪದಕ್ಕೆ ಇಷ್ಟು ಬಲವೇ! ದುರುಗಪ್ಪನಿಗೆ ಮೈಯೆಲ್ಲ ಜುಮ್ಮೆಂದಿತು. ಅವತ್ತಿನಿಂದ ಅವನು ಆ ಎರಡು ಪದವನ್ನು ಸ್ನಾನ ಮಾಡುವಾಗ, ಬಸ್ಸಿಗೆ ಕಾಯುವಾಗ ಹೇಳಿ ಹೇಳಿ ಅಭ್ಯಾಸ ಮಾಡಿದ.

ಅವನ ಜೋಡಿ ಹಸನಸಾಬ್. ಹಮಾಲರಲ್ಲಿ ಜೋಡಿ ಎಂದರೆ ಬರೀ ಗೆಳೆಯನಲ್ಲ. ಅಕ್ಕಿಯ ಸಣ್ಣ ಮೂಟೆಯನ್ನು ಒಬ್ಬನೇ ಬೆನ್ನಿಗೆ ಹಾಕಿಕೊಂಡು ಹೋಗಬಹುದು. ಭತ್ತದ ತುಂಬು ಚೀಲ ಹಾಗಲ್ಲ. ಮುಂದಿನ ತುದಿ ಒಬ್ಬ, ಹಿಂದಿನ ತುದಿ ಒಬ್ಬ ಹಿಡಿದು, ನೆಲದಿಂದ ಲಾರಿಗೆ ಹಚ್ಚಿದ ಹಲಗೆಯನ್ನು ಒಂದೇ ಹೆಜ್ಜೆಯಲ್ಲಿ ಹತ್ತಬೇಕು. ಒಬ್ಬನ ಹೆಜ್ಜೆ ತಪ್ಪಿದರೆ ಇಬ್ಬರೂ ಕೆಳಗೆ. ಅದಕ್ಕೇ ಒಮ್ಮೆ ಕೂಡಿದ ಜೋಡಿಯನ್ನು ಯಾರೂ ಸುಮ್ಮಸುಮ್ಮನೆ ಬಿಡುವುದಿಲ್ಲ. ಹತ್ತೊಂಬತ್ತರ ಹರೆಯದಲ್ಲಿ ತೆಕ್ಕಲಕೋಟೆಯಿಂದ ಬಂದ ಮೊದಲ ದಿನ ದುರುಗಪ್ಪ “ನಾ ಮುಂದ” ಎಂದಿದ್ದ. ತೆಳ್ಳಗಿನ, ಮಾತು ಕಡಿಮೆಯ ಹಸನಸಾಬ್ “ಹೂಂ” ಎಂದಿದ್ದ. ಇಪ್ಪತ್ತಾರು ವರ್ಷ ದುರುಗಪ್ಪ ಮುಂದೆ, ಹಸನಸಾಬ್ ಹಿಂದೆ, ಹಾಗೇ ನಡೆಯಿತು.

ಬಳ್ಳಾರಿಯ ಮಾರುಕಟ್ಟೆ, ಸಿರುಗುಪ್ಪದ ಮಿಲ್ಲುಗಳು, ಕುರುಗೋಡಿನ ಗೋದಾಮುಗಳು, ಮೂರೂ ಊರಿನ ಹಮಾಲರಿಗೆ ಸೇರಿ ಒಂದೇ ಸಂಘ. ಕಚೇರಿ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ, ಒಂದು ಬೀಜದ ಅಂಗಡಿಯ ಮಾಳಿಗೆ ಮೇಲೆ. ಮೂರು ವರ್ಷಕ್ಕೊಮ್ಮೆ ಚುನಾವಣೆ. ಈ ಸಂಘವನ್ನು ಕಟ್ಟಿದ ಹಿರಿಯರು ಒಂದು ವಿಚಿತ್ರ ನಿಯಮ ಹಾಕಿಟ್ಟಿದ್ದರು: ಅಧ್ಯಕ್ಷ, ಉಪಾಧ್ಯಕ್ಷ ಬೇರೆ ಬೇರೆ ನಿಲ್ಲುವಂತಿಲ್ಲ. ಜೋಡಿಯಾಗಿಯೇ ನಿಲ್ಲಬೇಕು. ಇಬ್ಬರಿಗೂ ಒಂದೇ ಗುರುತು, ಒಂದೇ ಓಟು. ಗೆದ್ದ ಜೋಡಿ ಕೊರಳ ಹಾರ ತೆಗೆಯದೆ, ಎಲ್ಲರ ಕಣ್ಣೆದುರು ಒಂದು ತುಂಬು ಚೀಲವನ್ನು ಹಲಗೆ ಹತ್ತಿಸಿ ಲಾರಿಗೆ ಹಾಕಬೇಕು. ಆಮೇಲೇ ಅವರಿಗೆ ಕುರ್ಚಿ.

ದುರುಗಪ್ಪ ಮೊದಲ ಸಲ ಚುನಾವಣೆಗೆ ನಿಲ್ಲುತ್ತಾನೆಂದು ಗೊತ್ತಾದಾಗ ಅವನ ಜೋಡಿ ಯಾರೆಂದು ಯಾರೂ ಕೇಳಲೇ ಇಲ್ಲ. ಕೇಳುವುದೇನಿದೆ? ಹಸನಸಾಬ್ ಇದ್ದಾನಲ್ಲ. ಆದರೆ ಮಿಲ್ಲಿನ ಎದುರಿಗೆ ಚಹಾ ಮಾರುವ ಎರ್ರಿಸ್ವಾಮಿ ಇದ್ದ. ಪೇಪರನ್ನು ಮೊದಲ ಸಾಲಿನಿಂದ ಕೊನೆಯ ಜಾಹೀರಾತಿನವರೆಗೆ ಓದಿ, ಓದಿದ್ದನ್ನು ಗಿರಾಕಿಗಳಿಗೆ ಚಹಾದ ಜೊತೆಗೆ ಪುಕ್ಕಟೆ ಹಂಚುವವನು. ಅವನು ಒಂದು ಬೆಳಿಗ್ಗೆ ದುರುಗಪ್ಪನ ತಲೆಯಲ್ಲಿ ಹುಳ ಬಿಟ್ಟ.

“ದುರುಗಣ್ಣ, ಅಮೆರಿಕಾದಾಗೂ ನಿಮ್ಮಂಗ ಜೋಡಿ ಓಟು ಐತಿ, ಗೊತ್ತೈತೇನು?”

“ಹೌದೇನಲೇ? ಅಲ್ಲಿ ಹಮಾಲರು ಅದಾರೇನು?”

“ಥೂ, ದೇಶದ ಅಧ್ಯಕ್ಷಗಿರಿದು! ಅಲ್ಲಿ ನಿಂತಾವ ತನ್ನ ಓಣ್ಯಾಗಿನವನ್ನ ಜೋಡಿ ತಗೊಳ್ಳಂಗಿಲ್ಲ. ತನಗ ಎಲ್ಲಿ ಓಟಿಲ್ಲ, ಅಲ್ಲೀ ಮನಿಷ್ಯಾನ್ನ ಹಿಡಿತಾನ. ನಿನಗ ಸಿರುಗುಪ್ಪ ಹೆಂಗೂ ಕೈಯಾಗ ಐತಿ. ಹಸನಸಾಬ್‌ನ ತಗೊಂಡ್ರ ಮತ್ತ ಸಿರುಗುಪ್ಪನ ಬಂತು. ಬಳ್ಳಾರಿ ಯಾರು ತರಬೇಕು? ನಿಮ್ಮಪ್ಪ?”

ಆಹಾ, ಲೆಕ್ಕ ಎಷ್ಟು ಚೊಕ್ಕ! ದುರುಗಪ್ಪನ ಕಿವಿ ನೆಟ್ಟಗಾದವು. ಎದುರಾಳಿ ಕುರುಗೋಡಿನ ಜಂಬುನಾಥ, ಎರಡು ಸಲ ಗೆದ್ದು ಕುರ್ಚಿಗೆ ಅಂಟಿಕೊಂಡವನು. ಕುರುಗೋಡು ಪೂರಾ ಅವನದು. ಉಳಿದದ್ದು ಬಳ್ಳಾರಿ. ಅದೇ ವಾರ ದುರುಗಪ್ಪ ಬ್ರೂಸ್‌ಪೇಟೆಗೆ ಹೋಗಿ ಓಬಳೇಶ ಎಂಬ ಮೆಣಸಿನಕಾಯಿ ಮಂಡಿಯ ಹಮಾಲನ ಜೊತೆ ಕೈ ಕುಲುಕಿದ. ಓಬಳೇಶ ಎಂದರೆ ಇಸ್ತ್ರಿ ಅಂಗಿ, ಎರಡು ಫೋನು, ಬಾಯಿ ತೆರೆದರೆ ಇನ್ನೂರು ಓಟು ತರುವ ಮಾತು. ಚೀಲ ಹಿಡಿದದ್ದು ಯಾವಾಗಲೋ ದೇವರೇ ಬಲ್ಲ.

ಹಸನಸಾಬ್‌ಗೆ ಹೇಳುವ ಧೈರ್ಯ ಮಾತ್ರ ಆ ದೊಡ್ಡ ಗಂಟಲಿಗೆ ಬರಲಿಲ್ಲ. ನಾಮಪತ್ರ ಹಾಕಿ ಬಂದ ಮರುದಿನ ಮಧ್ಯಾಹ್ನ ರೊಟ್ಟಿ ಬಿಚ್ಚುವಾಗ ಗೋಡೆ ನೋಡಿಕೊಂಡು ಹೇಳಿದ. “ಹಸನ, ಓಬಳೇಶನ್ನ ಜೋಡಿ ಮಾಡ್ಕೊಂಡೀನಪ್ಪ. ಬಳ್ಳಾರಿ ಓಟು ಬೇಕಲ್ಲ.”

ಹಸನಸಾಬ್ ಬಾಯಲ್ಲಿದ್ದ ತುತ್ತು ನುಂಗಿದ. “ಆಯ್ತು ಬಿಡು. ಗೆದ್ದು ಬಾ.”

ಮರುದಿನ ಅವನು ಚೀಲ ಹೊರಲು ಬರಲಿಲ್ಲ. ಮಿಲ್ಲಿನ ಮೂಲೆಯಲ್ಲಿ ದಬ್ಬಣ, ಸುತಲಿ ಹಿಡಿದು ಚೀಲದ ಬಾಯಿ ಹೊಲಿಯಲು ಕೂತಿದ್ದ. ಯಾಕೆಂದು ಕೇಳಿದರೆ “ಮೊಣಕಾಲು ನೋಯ್ತಾವ” ಎಂದ. ಎಲಾ ಇವನ, ಸಿಟ್ಟಿಗೆ ಒಂದು ನೆಪ ಬೇಕಲ್ಲ ಎಂದು ದುರುಗಪ್ಪ ಮನಸ್ಸಿನಲ್ಲೇ ಹಲ್ಲು ಕಡಿದ.

ಎಣಿಕೆಯ ದಿನ ಬ್ರೂಸ್‌ಪೇಟೆಯ ಆ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕುರುಗೋಡಿನ ಪೆಟ್ಟಿಗೆ ಒಡೆದಾಗ ಜಂಬುನಾಥ ನೂರಾ ಏಳು ಓಟು ಮುಂದೆ. ಇರಲಿ, ಗೊತ್ತಿದ್ದದ್ದೇ. ಬಳ್ಳಾರಿ ಪೆಟ್ಟಿಗೆಯಲ್ಲಿ ದುರುಗಪ್ಪ ನಾಲ್ಕು ಓಟು ಮುಂದೆ. ಓಬಳೇಶ ಕಾಲರ್ ಎತ್ತಿದ. ಇನ್ನು ಸಿರುಗುಪ್ಪ ಒಂದೇ, ತನ್ನದೇ ಊರು! ದುರುಗಪ್ಪ ಆಗಲೇ ಹಾರಕ್ಕೆ ಕೊರಳು ಸರಿಮಾಡಿಕೊಂಡಿದ್ದ. ಪೆಟ್ಟಿಗೆ ಬಿಚ್ಚಿ, ಚೀಟಿ ವಿಂಗಡಿಸಿ ಮುಗಿಸುವ ಹೊತ್ತಿಗೆ ಅವನ ಮುಖದಲ್ಲಿ ನೆತ್ತರಿರಲಿಲ್ಲ. ಸಿರುಗುಪ್ಪದವರೇ ನೂರಕ್ಕೂ ಹೆಚ್ಚು ಜನ ಜಂಬುನಾಥನಿಗೆ ಮುದ್ರೆ ಒತ್ತಿದ್ದರು. ದುರುಗಪ್ಪ ಒಂಬತ್ತು ಓಟಿನಿಂದ ಸೋತ.

ಒಂಬತ್ತು! ಜಂಬುನಾಥನ ಜೋಡಿ ಹಾರ ಹಾಕಿಕೊಂಡು ಚೀಲ ಎತ್ತುವಾಗ ದುರುಗಪ್ಪ ಮೆಟ್ಟಿಲ ಬಳಿ ಇಂಗು ತಿಂದ ಮಂಗನಂತೆ ನಿಂತಿದ್ದ. ಅಷ್ಟರಲ್ಲಿ ಹಸನಸಾಬ್ ಗುಂಪಿನಲ್ಲಿ ಕಂಡ. ದುರುಗಪ್ಪನ ಗಂಟಲು ಓಣಿಯನ್ನೇ ನಡುಗಿಸಿತು.

“ನೀನ ಕೈ ಕೊಟ್ಟಿ ಹಸನ! ಒಂಬತ್ತು ಓಟು ಮುರಿಯಾಕ ನಿನಗೇನು ಕಷ್ಟ ಆಗಿದ್ದಿಲ್ಲ. ಇಪ್ಪತ್ತಾರು ವರ್ಷ ಹಿಂದ ಇದ್ದು ಹಿಂದಿಂದನ ಹೊಡದಿ!”

ಮೂರೂ ಊರಿನ ಜನ ನೋಡುತ್ತಿದ್ದರು. ಹಸನಸಾಬ್ ಟವೆಲ್ಲು ಮಡಚಿ ಹೆಗಲಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಆಮೇಲೆ ಮೂರು ವರ್ಷ ಅವರಿಬ್ಬರ ನಡುವೆ ಮಾತಿಲ್ಲ ಕತೆಯಿಲ್ಲ. ಹಸನಸಾಬ್ ಹೊಲಿದ ಚೀಲವನ್ನೇ ದುರುಗಪ್ಪ ಹೊರುತ್ತಿದ್ದ. ಒಂದು ಚೀಲದ ಬಾಯಿಯೂ ಎಂದೂ ಬಿಚ್ಚಿಕೊಳ್ಳಲಿಲ್ಲ. ಚಹಾದಂಗಡಿಯಲ್ಲಿ ಮಾತ್ರ ಚುನಾವಣೆ ಮುಗಿಯಲೇ ಇಲ್ಲ. ಓಬಳೇಶನ ಬದಲು ಕುರುಗೋಡಿನವನೊಬ್ಬನನ್ನು ಹಿಡಿದಿದ್ದರೆ ಗೆಲ್ಲುತ್ತಿದ್ದ ಎಂದು ಒಬ್ಬ. ಮಾರುಕಟ್ಟೆಯ ಹಿರಿಯನೊಬ್ಬನನ್ನು ಹಿಡಿದಿದ್ದರೆ ಎಂದು ಇನ್ನೊಬ್ಬ. ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆ ಎದ್ದರೆ ಅದೇ ಗುದ್ದಾಟ. ಎರ್ರಿಸ್ವಾಮಿಯಂತೂ ಅಮೆರಿಕಾದ ನಕಾಶೆಯನ್ನೇ ಗೋಡೆಗೆ ಅಂಟಿಸಿ, ಯಾವ ರಾಜ್ಯಕ್ಕೆ ಯಾರು ಜೋಡಿ ಆಗಬೇಕಿತ್ತೆಂದು ಹೇಳುತ್ತಿದ್ದ. ಹಸನಸಾಬ್‌ನ ಹೆಸರನ್ನು ಮಾತ್ರ ದುರುಗಪ್ಪನ ಎದುರು ಯಾರೂ ಎತ್ತುತ್ತಿರಲಿಲ್ಲ.

ಎತ್ತಿದವನು ಮಾರೇಶ. ಮೂವತ್ತರ ಆಳು, ಗಟ್ಟಿ ಕಟ್ಟುಮಸ್ತು, ಯಾರ ಮುಲಾಜೂ ಇಲ್ಲದವನು. ಮುಂದಿನ ಚುನಾವಣೆಗೆ ತಿಂಗಳಿದ್ದು, ದುರುಗಪ್ಪ ಓಟಿನ ಜೋಡಿಯನ್ನು ಇನ್ನೂ ಹುಡುಕುತ್ತಿರುವಾಗ, ಅವನು ಚೀಲ ಹೊರಲು ಹೊಸ ಜೋಡಿಯಾಗಿ ಬಂದ. ಹಸನಸಾಬ್ ಹೋದಮೇಲೆ ನಾಲ್ಕು ಜನ ಜೋಡಿ ಬದಲಾಗಿದ್ದರು. ಎಲ್ಲರೂ ಹಿರಿಯನೆಂಬ ಮರ್ಯಾದೆಗೆ ಹಿಂದೆ ನಿಲ್ಲುತ್ತಿದ್ದರು, ಎಂಟೊಂಬತ್ತು ತಿಂಗಳಾದ ಮೇಲೆ ಏನೋ ನೆಪ ಹೇಳಿ ಕಳಚಿಕೊಳ್ಳುತ್ತಿದ್ದರು. ಮಾರೇಶ ಮೊದಲ ದಿನವೇ ಸೊಂಟಕ್ಕೆ ಕೈಯಿಟ್ಟು ನಿಂತ.

“ಅಣ್ಣಾ, ಸರದಿ ಹಚ್ಚೋಣ. ಮುಂಜಾನಿ ನೀ ಮುಂದ. ಊಟ ಆದಮ್ಯಾಲೆ ನಾ ಮುಂದ.”

“ಏನಲೇ, ನನಗ ಹಿಂದ ನಿಂದ್ರಸ್ತಿ?”

“ನಿಂದ್ರಾಕ ಏನು ರೋಗ? ಚೀಲ ಒಂದ, ಹಲಗಿ ಒಂದ.”

ನಗುವವರ ಮುಂದೆ ಎಡವಬಾರದೆಂದು ದುರುಗಪ್ಪ ಊಟದ ನಂತರ ಹಿಂದಿನ ತುದಿ ಹಿಡಿದ. ನೆಲದ ಮೇಲೆ ನಡೆಯುವಾಗ ಏನೂ ಅನ್ನಿಸಲಿಲ್ಲ. ಹಲಗೆ ಏರತೊಡಗಿದರು ನೋಡಿ, ಅಯ್ಯೋ ನನ್ನಪ್ಪಾ! ಮುಂದಿನ ತುದಿ ಮೇಲೆದ್ದ ಹಾಗೆಲ್ಲ ಚೀಲದ ಭತ್ತವೆಲ್ಲ ಜಾರಿ ಹಿಂದಕ್ಕೆ ಬಂತು, ಭಾರವೆಲ್ಲ ಅವನ ಎದೆಯ ಮೇಲೇ ಕೂತಿತು. ಹೆಜ್ಜೆಯಿಟ್ಟರೆ ಮಂಡಿ ನಡುಗುತ್ತದೆ. ನಿಂತರೆ ಚೀಲ ಕೆಳಕ್ಕೆ ತಳ್ಳುತ್ತದೆ. ಮುಂದೆ ಮಾರೇಶ ಸಿಳ್ಳೆ ಹಾಕುತ್ತಾ ಹೋಗುತ್ತಿದ್ದಾನೆ!

“ಲೇ, ಸರಿಯಾಗಿ ಹಿಡಿಯಲೇ!” ದುರುಗಪ್ಪ ಕಿರುಚಿದ.

“ಸರಿಯಾಗೇ ಹಿಡದೀನಿ ಅಣ್ಣಾ. ಹಲಗಿ ಮ್ಯಾಲೆ ಹಿಂದಿನವಗ ಭಾರ. ನಿನಗ ಗೊತ್ತಿಲ್ಲೇನು?”

ಗೊತ್ತಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಹಮಾಲಿ ಮಾಡಿದವನಿಗೆ, ಸಂಘದ ಅಧ್ಯಕ್ಷನಾಗಲು ಹೊರಟವನಿಗೆ ಇದು ಗೊತ್ತಿರಲಿಲ್ಲ. ಚೀಲ ಲಾರಿಗೆ ಬಿಸಾಕಿ ಅಲ್ಲೇ ಕುಸಿದು ಕೂತ. ಮಾರೇಶ ಪಕ್ಕದಲ್ಲಿ ಕೂತು ನೀರು ಕೊಟ್ಟ.

“ಒಂದು ಮಾತು ಹೇಳ್ತೀನಿ, ಬೈಬ್ಯಾಡ. ಹೋದ ಸಲ ನಾನೂ ನಿನಗ ಹಾಕಲಿಲ್ಲ.”

“ಆಂ?”

“ಹಸನಣ್ಣ ಮನಿ ಮನಿಗೆ ಬಂದು ನಿನಗ ಹಾಕ್ರಿ ಅಂತ ಕೇಳಿದ. ಕುಂಟಕೋಂತ ಬಂದಿದ್ದ. ಅವನ ಮಾರಿ ನೋಡಿ ನಮಗ ಸಿಟ್ಟು ಬಂತು. ಇಂಥವನ್ನ ಬಿಟ್ಟು ಆ ಇಸ್ತ್ರಿ ಅಂಗಿ ತಗೊಂಡಾನ, ನಾಳಿ ನಮ್ಮನ್ನ ಬಿಡಂಗಿಲ್ಲೇನು ಅಂತ ಜಂಬುನಾಥಗ ಒತ್ತಿದ್ವಿ. ಹಸನಣ್ಣ ನಿನ್ನ ಜೋಡಿ ಆಗಿದ್ರ ನಮ್ಮ ಓಣಿ ಪೂರಾ ನಿಂದಾ ಇತ್ತು.”

ದುರುಗಪ್ಪ ನೀರು ಕೆಳಗಿಟ್ಟ. ಅಂದರೆ ಓಟು ಮುರಿದವನು ಹಸನನಲ್ಲ, ತಾನೇ! ಮೂರು ವರ್ಷ ಯಾರಿಗೆ ಮುಖ ತಿರುಗಿಸಿದೆನೋ, ಅವನು ಕುಂಟುತ್ತಾ ತನಗಾಗಿ ಓಟು ಕೇಳಿದ್ದ.

ಒಂದು ವಾರ ಸರದಿ ನಡೆಯಿತು. ಎಂಟನೆಯ ದಿನ ದುರುಗಪ್ಪ ಹೊಸ್ತಿಲ ಮೇಲೆ ಕೂತು ಮಂಡಿ ಒತ್ತಿಕೊಳ್ಳುತ್ತಾ ನರಳಿದ. ಪಾರಮ್ಮ ಸೊಪ್ಪು ಸೋಸುತ್ತಿದ್ದಳು. ಎದ್ದೂ ಬರಲಿಲ್ಲ.

“ಒಂದು ವಾರಕ್ಕ ಇಷ್ಟು? ಅಲ್ಲಿ ಹಸನಣ್ಣನ ಹೆಂಡ್ತಿ ಹುಸೇನ್ ಬೀ ಎಷ್ಟು ವರ್ಷದಿಂದ ಗಂಡನ ಮೊಣಕಾಲಿಗೆ ಎಣ್ಣಿ ತಿಕ್ಕಾಕತ್ಯಾಳ, ಕೇಳಿ ನೋಡು ಹೋಗು.”

“ನಿನಗ ಗೊತ್ತಿತ್ತೇನು? ನನಗ್ಯಾಕ ಹೇಳಲಿಲ್ಲ?”

“ಹೇಳಾಕ ಬಂದಾಗೆಲ್ಲ ನೀ ಸುಮ್ಮನಿದ್ದಿ ಏನು? ಅವ ಕೈ ಕೊಟ್ಟ, ಅವ ಕೈ ಕೊಟ್ಟ ಅಂತ ಓಣಿ ತುಂಬ ಡಂಗುರ! ಡಾಕ್ಟರು ಚೀಲ ಹೊರಬ್ಯಾಡ ಅಂತ ನಾಕು ವರ್ಷದ ಹಿಂದ ಹೇಳಿದ್ರಂತ. ‘ದುರುಗನ ಚುನಾವಣಿ ಆಗಲಿ, ಅಲ್ಲಿ ತನಕ ಜೋಡಿ ಬಿಡಂಗಿಲ್ಲ’ ಅಂತಿದ್ದನಂತ ಹಸನಣ್ಣ. ನೀನ ಮೊದಲು ಬಿಟ್ಟಿ.”

ದುರುಗಪ್ಪ ಎದ್ದ. ಮಂಡಿ ನೋವು ಎಲ್ಲಿ ಹೋಯಿತೋ, ಚಪ್ಪಲಿ ಮೆಟ್ಟುವುದನ್ನೂ ಮರೆತು ಹಸನಸಾಬ್‌ನ ಮನೆಗೆ ಧಾವಿಸಿದ. ಬಾಗಿಲಲ್ಲಿ ಹುಸೇನ್ ಬೀ ಅವನನ್ನು ಮೇಲಿಂದ ಕೆಳಗಿನ ತನಕ ನೋಡಿದಳು.

“ಮೂರು ವರ್ಷ ಆತು ದುರುಗಣ್ಣ, ದಾರಿ ನೆನಪೈತಿ ನಿನಗ?”

ಹಸನಸಾಬ್ ಮಂಚದ ಮೇಲೆ ಕಾಲು ಚಾಚಿ ಕೂತಿದ್ದ. ದುರುಗಪ್ಪ ನೆಲಕ್ಕೇ ಕೂತ. 

“ಹಸನ, ನಾ ಹಿಂದ ನಿಂತಿದ್ದೆ. ಒಂದು ವಾರ.”

ಹಸನಸಾಬ್ ಅವನನ್ನು ನೋಡಿದ. “ಹೂಂ. ಹೆಂಗೈತಿ?”

“ಸತ್ತೆ.” ದುರುಗಪ್ಪನ ಕಣ್ಣಿಂದ ನೀರು ದಳದಳ ಇಳಿಯಿತು. ಅಳುವವನ ಗಂಟಲೂ ದೊಡ್ಡದೇ ಇತ್ತು, ಪಕ್ಕದ ಮನೆಯವರು ಇಣುಕಿದರು. “ತಪ್ಪಾತಲೇ. ಮೂರೂರ ಮಂದಿ ಮುಂದ ನಿನಗ ಅಂದುಬಿಟ್ಟೆ. ಈ ಸಲ ನೀನ ನನ್ನ ಜೋಡಿ. ಸೋತ್ರ ಸೋಲೋಣ. ಒಲ್ಲೆ ಅನಬ್ಯಾಡ.”

“ಮೊದಲ ಗಂಟಲು ಇಳಸು, ಮಂದಿ ನೋಡಾಕತ್ಯಾರ,” ಎಂದ ಹಸನಸಾಬ್. ಮಂಚದ ಅಂಚಿಗೆ ಸರಿದು, “ನಾಮಪತ್ರಕ್ಕ ಕಡಿ ದಿನ ಯಾವಾಗ?” ಎಂದು ಕೇಳಿದ.

“ನಾಳಿ. ಮೂರು ಗಂಟಿಗೆ ಬಂದ್.”

“ಹುಚ್ಚಪ್ಪ, ಇವತ್ತು ಬಂದೀಯಲ್ಲೋ!”

ಮರುದಿನ ಸಿರುಗುಪ್ಪದಿಂದ ಬಸ್ಸು ಹತ್ತಿದರು. ಎರ್ರಿಸ್ವಾಮಿ ಚಹಾದ ಕೆಟಲ್ ಹಿಡಿದುಕೊಂಡೇ ಬಸ್ಸಿನ ಕಿಟಕಿಗೆ ಓಡಿಬಂದ. “ದುರುಗಣ್ಣ, ಓಬಳೇಶ ಈ ಸಲ ಜಂಬುನಾಥಗ ಜೋಡಿ ಆಗ್ಯಾನ! ಕುರುಗೋಡೂ ಅವರದ, ಬಳ್ಳಾರಿನೂ ಅವರದ. ನೀ ಬರೇ ಸಿರುಗುಪ್ಪ ಕಟ್ಟಿಕೊಂಡು ಎಲ್ಲಿಗೆ ಹೊಂಟಿ? ಅಮೆರಿಕಾದಾಗ ಹಿಂಗ ಯಾರೂ...”

“ನಿನ್ನ ಅಮೆರಿಕಾ ನೀನ ಇಟ್ಕೋ!” ಎಂದು ದುರುಗಪ್ಪ ಕಿಟಕಿ ಎಳೆದ.

ತೆಕ್ಕಲಕೋಟೆಯಲ್ಲಿ ಭತ್ತ ಕೊಯ್ಯುವ ಮಷಿನ್ನೊಂದು ರಸ್ತೆಗೆ ಅಡ್ಡ ನಿಂತಿತ್ತು. ಹಿಂದೆ ಮುಂದೆ ಟ್ರ್ಯಾಕ್ಟರ್‌ಗಳ ಸಾಲು. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಮುಕ್ಕಾಲು ತಾಸು! ದುರುಗಪ್ಪ ಕೆಳಗಿಳಿದು ಎರಡೂ ಭಾಷೆಯಲ್ಲಿ ಬೈದು, ಟ್ರ್ಯಾಕ್ಟರ್‌ಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸಿ, ಬಸ್ಸಿಗೆ ದಾರಿ ಮಾಡಿದ. ಪ್ರಯಾಣಿಕರು ಚಪ್ಪಾಳೆ ತಟ್ಟಿದರು. ಬಳ್ಳಾರಿಯಲ್ಲಿ ಇಳಿದು ಆಟೋ ಹಿಡಿದು ಬ್ರೂಸ್‌ಪೇಟೆ ಮುಟ್ಟಿದಾಗ ಮೂರಕ್ಕೆ ಹತ್ತು ನಿಮಿಷ.

ದುರುಗಪ್ಪ ಮೆಟ್ಟಿಲುಗಳನ್ನು ದಡದಡ ಹತ್ತಿದ. ಮೇಲೆ ಮುಟ್ಟಿ ತಿರುಗಿ ನೋಡಿದರೆ ಹಸನಸಾಬ್ ಇನ್ನೂ ಮೂರನೇ ಮೆಟ್ಟಿಲಲ್ಲಿದ್ದ. ಗೋಡೆ ಹಿಡಿದು, ಒಂದು ಕಾಲು ಮೇಲಿಟ್ಟು, ಇನ್ನೊಂದನ್ನು ಅದರ ಪಕ್ಕಕ್ಕೆ ಎಳೆದು, ಉಸಿರು ತೆಗೆದುಕೊಂಡು, ಮತ್ತೆ ಒಂದು. ಮುಖದಲ್ಲಿ ನೋವಿದ್ದರೂ ಬಾಯಲ್ಲಿ ಸದ್ದಿಲ್ಲ. ಎಷ್ಟು ಸಾವಿರ ಸಲ ಈ ಮನುಷ್ಯ ತನ್ನ ಬೆನ್ನ ಹಿಂದೆ ಹೀಗೆಯೇ ಏರಿರಬೇಕು! ತಾನು ಒಂದು ಸಲವಾದರೂ ತಿರುಗಿ ನೋಡಿದ್ದೆನೇ? ದುರುಗಪ್ಪ ಕೆಳಗಿಳಿದು ಹೋದ. ಹಸನಸಾಬ್‌ನನ್ನು ಮುಂದೆ ಬಿಟ್ಟು, ತಾನು ಹಿಂದೆ ನಿಂತು, ಅವನ ಸೊಂಟಕ್ಕೆ ಎರಡೂ ಕೈ ಕೊಟ್ಟು ಮೇಲಕ್ಕೆ ತಳ್ಳುತ್ತಾ ಬಂದ.

ಮೇಜಿನ ಹಿಂದೆ ಮುದಿ ಹಾಲಸಿದ್ದಪ್ಪ ಕೂತಿದ್ದ. ಈಗ ಅವನೇ ಚುನಾವಣಾಧಿಕಾರಿ. ಗಡಿಯಾರ ನೋಡಿ ಪೆನ್ನು ಎತ್ತಿದ. “ಮೂರು ನಿಮಿಷ ಅದಾವ. ಲಗೂ ಹೇಳ್ರಿ. ಅಧ್ಯಕ್ಷಗ ಯಾರು?”

ಇಪ್ಪತ್ತೆಂಟು ವರ್ಷ ಕಾದ ಪ್ರಶ್ನೆ! ದುರುಗಪ್ಪ ಕತ್ತು ಚಾಚಿ ನೋಡಿದ. ಹಾಲಸಿದ್ದಪ್ಪನ ಹಿಂದೆ ಆ ಕುರ್ಚಿ ಕಾಣುತ್ತಿತ್ತು, ಕೈಯಾಡಿಸಿ ಆಡಿಸಿ ಹೊಳಪು ಬಂದ ಹಳೆಯ ಮರದ ಕುರ್ಚಿ. ಬೇಕು ಅನ್ನಿಸಿತು. ಹೊಟ್ಟೆಯೊಳಗಿನಿಂದ ಬೇಕು ಅನ್ನಿಸಿತು.

“ಹಸನಸಾಬ್,” ಎಂದ. “ಉಪಾಧ್ಯಕ್ಷಗ ನನ್ನ ಹೆಸರು ಬರ್ಕೊಳ್ರಿ.”

ಜೀವಮಾನದಲ್ಲಿ ಗಂಟಲು ಎತ್ತದ ಹಸನಸಾಬ್ ಕೂಗಿಬಿಟ್ಟ. “ಲೇ ದುರುಗ! ತಲಿ ನೆಟ್ಟಗೈತೇನು? ನಾ ಮಾತಾಡಾವಲ್ಲ, ಭಾಷಣ ಮಾಡಾವಲ್ಲ. ಇದು ನಿನ್ನ ಆಸೆ ಐತಲ್ಲೋ!”

“ಮಾತು ನಾ ಆಡ್ತೀನಿ. ಭಾಷಣ ನಾ ಮಾಡ್ತೀನಿ. ನೀ ಮುಂದ ನಡಿ, ಸಾಕು.”

“ಒಂದ ನಿಮಿಷ ಉಳೀತು,” ಎಂದ ಹಾಲಸಿದ್ದಪ್ಪ. “ಸಹಿ ಮಾಡ್ತೀರೋ, ಜಗಳ ಆಡ್ತೀರೋ?”

ಹಸನಸಾಬ್ ಪೆನ್ನು ತೆಗೆದುಕೊಂಡ. ದುರುಗಪ್ಪ ಕಾಗದ ಜಾರದಂತೆ ಹಿಡಿದುಕೊಂಡ.

ಆಮೇಲಿನ ಹದಿನೈದು ದಿನ ದುರುಗಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಿಲ್ಲು ಮಿಲ್ಲಿಗೆ ಹೋದ, ಕುರುಗೋಡಿನ ಗೋದಾಮಿಗೂ ಹೋದ, ಹಸನಸಾಬ್‌ನನ್ನು ಮಾರೇಶನ ಬೈಕಿನ ಹಿಂದೆ ಕೂರಿಸಿಕೊಂಡು ಬಳ್ಳಾರಿಯ ಓಣಿ ಓಣಿ ತಿರುಗಿಸಿದ. ಎಲ್ಲೆಡೆ ಅವನ ಭಾಷಣ ಒಂದೇ. “ಇವಗ ನಾ ಅನ್ಯಾಯ ಮಾಡೀನಿ. ಹಿಂದ ನಿಂತು ಹೊತ್ತಾವ ಇವ. ಹಲಗಿ ಮ್ಯಾಲೆ ಹಿಂದ ನಿಂತವ್ರೆಲ್ಲ ನಮ್ಮ ಕೊಕ್ಕೆ ಗುರುತಿಗೆ ಒತ್ರಿ!” ಮುಂದೆ ನಿಲ್ಲುವವರು ಗುರ್ರೆಂದರು, ಹಿಂದೆ ನಿಲ್ಲುವವರು ಸಿಳ್ಳೆ ಹೊಡೆದರು. ಪ್ರತಿ ಜೋಡಿಯಲ್ಲೂ ಹಿಂದಿನವನೊಬ್ಬ ಇದ್ದೇ ಇರುತ್ತಾನಲ್ಲ!

ಎಣಿಕೆಯ ದಿನ ಬ್ರೂಸ್‌ಪೇಟೆ ಮತ್ತೆ ತುಂಬಿ ತುಳುಕಿತು. ಪಾರಮ್ಮ, ಹುಸೇನ್ ಬೀ ಇಬ್ಬರೂ ಸೆರಗು ಬಿಗಿದುಕೊಂಡು ಬೀಜದಂಗಡಿಯ ಕಟ್ಟೆ ಹತ್ತಿ ಕೂತಿದ್ದರು. ಕುರುಗೋಡಿನ ಪೆಟ್ಟಿಗೆ: ಜಂಬುನಾಥ ತೊಂಬತ್ತೇಳು ಮುಂದೆ. ಬಳ್ಳಾರಿ: ಮತ್ತೆ ಅರವತ್ತೊಂದು ಮುಂದೆ. ಓಬಳೇಶ ಎರಡೂ ಫೋನಿನಲ್ಲಿ ಒಟ್ಟಿಗೇ ಮಾತಾಡತೊಡಗಿದ. ನೂರಾ ಐವತ್ತೆಂಟು ಓಟು ಹಿಂದೆ! ಎರ್ರಿಸ್ವಾಮಿ ತಲೆ ಮೇಲೆ ಕೈ ಹೊತ್ತು ಕೂತ.

“ಮುಗೀತೇನ್ರಿ?” ಎಂದಳು ಹುಸೇನ್ ಬೀ.

“ಸಿರುಗುಪ್ಪ ಐತಲ್ಲವ್ವ, ತಡಿ,” ಎಂದಳು ಪಾರಮ್ಮ. ಹಾಗೆಂದವಳ ಮುಷ್ಟಿ ಬಿಗಿದಿತ್ತು.

ಹಾಲಸಿದ್ದಪ್ಪ ಕೊನೆಯ ಪೆಟ್ಟಿಗೆ ಸುರಿದ. ಒಂದೊಂದೇ ಚೀಟಿ ಎತ್ತಿ ಗುರುತು ಕೂಗತೊಡಗಿದ; ಕೊಕ್ಕೆ ಇವರದು, ತಕ್ಕಡಿ ಜಂಬುನಾಥನದು. ಕೊಕ್ಕೆ. ಕೊಕ್ಕೆ. ತಕ್ಕಡಿ. ಕೊಕ್ಕೆ. ಕೊಕ್ಕೆ. ಕೊಕ್ಕೆ! ಓಣಿಯ ಜನ ಅವನ ಜೊತೆಗೆ ಕೂಗತೊಡಗಿದರು. ಐವತ್ತು ಕಡಿಮೆಯಾಯಿತು, ನೂರು ಕಡಿಮೆಯಾಯಿತು. ಮಧ್ಯೆ ಆರು ತಕ್ಕಡಿ ಒಟ್ಟಿಗೆ ಬಂದಾಗ ದುರುಗಪ್ಪ ಹಸನಸಾಬ್‌ನ ಮುಂಗೈ ಎಷ್ಟು ಬಿಗಿಯಾಗಿ ಹಿಡಿದನೆಂದರೆ ಹಸನಸಾಬ್ “ಬಿಡಲೇ, ಮುರೀತೈತಿ” ಎಂದ. ಎರಡೂ ಕಡೆ ಸಮವಾದಾಗ ಗದ್ದಲವೆಲ್ಲ ನಿಂತು, ಬೀದಿಯ ತಳ್ಳುಗಾಡಿಯವನೂ ಬಾಯಿ ಮುಚ್ಚಿದ. ಮೇಜಿನ ಮೇಲೆ ಇನ್ನೂ ಹಿಡಿಯಷ್ಟು ಚೀಟಿ. ಕೊಕ್ಕೆ. ಕೊಕ್ಕೆ. ತಕ್ಕಡಿ. ಕೊಕ್ಕೆ. ಕೊನೆಯ ಚೀಟಿ ಇಟ್ಟು ಹಾಲಸಿದ್ದಪ್ಪ ಕನ್ನಡಕ ತೆಗೆದ.

“ಹದಿನಾಲ್ಕು ಓಟು ಮುಂದ. ಅಧ್ಯಕ್ಷ ಹಸನಸಾಬ್!”

ಆ ಕೂಗಿಗೆ ಬೀಜದಂಗಡಿಯ ತಗಡು ನಡುಗಿತು. ಮಾರೇಶ ಹಸನಸಾಬ್‌ನನ್ನು ಎತ್ತಿ ಕುಣಿಸಿದ. ಹುಸೇನ್ ಬೀ ಪಾರಮ್ಮನನ್ನು ತಬ್ಬಿ ಅತ್ತಳು. ದುರುಗಪ್ಪ ಚೀರಿದ, ನಕ್ಕ, ಒಂದು ಕ್ಷಣ ಆ ಕುರ್ಚಿ ಇದ್ದ ಮಾಳಿಗೆಯ ಕಡೆ ನೋಡಿದ, ಮತ್ತೆ ಚೀರಿದ. ಎರ್ರಿಸ್ವಾಮಿ ಸಿಕ್ಕಸಿಕ್ಕವರ ಕೈ ಹಿಡಿದು, “ಅಮೆರಿಕಾದವರಿಗೆ ಇದು ಗೊತ್ತಾಗಬೇಕ್ರಿ, ಯಾರರ ಹೇಳ್ರಿ ಅವರಿಗೆ” ಎನ್ನುತ್ತಿದ್ದ.

ಲಾರಿ ಬಂತು. ಹಲಗೆ ಹಚ್ಚಿದರು. ಸಿರುಗುಪ್ಪದ ಭತ್ತದ ತುಂಬು ಚೀಲವನ್ನು ನಡುಬೀದಿಯಲ್ಲಿ ಇಟ್ಟರು. ಹಸನಸಾಬ್ ಅಭ್ಯಾಸಬಲದಿಂದ ಹಿಂದಿನ ತುದಿಗೆ ಹೋಗಿ ನಿಂತ.

“ಏಯ್ ಅಧ್ಯಕ್ಷ,” ಎಂದ ದುರುಗಪ್ಪ, “ಮುಂದ ಹೋಗು.”

ಹಾರ ಹಾಕಿಕೊಂಡೇ ಎತ್ತಿದರು. ಹಲಗೆ ಏರತೊಡಗಿದ ಕೂಡಲೇ ಭಾರ ಜಾರಿ ಬಂದು ದುರುಗಪ್ಪನ ಎದೆಗೆ ಗುದ್ದಿತು. ಮಂಡಿ ಕಟಕಟ ಎಂದಿತು. ಹಾರದ ಹೂವು ಮೂಗಿಗೆ ಅಂಟಿತು. ಹಲ್ಲು ಕಚ್ಚಿ, ಮುಂದಿನ ಹೆಜ್ಜೆಗೆ ಹೆಜ್ಜೆ ಕೂಡಿಸುತ್ತಾ ಏರಿದ. ನಡುಹಲಗೆಯಲ್ಲಿ ಹಸನಸಾಬ್ ತಟಕ್ಕನೆ ನಿಂತು, ಕತ್ತು ತಿರುಗಿಸಿ, ಕಣ್ಣರಳಿಸಿ ಕೇಳಿದ:

“ಲೇ ದುರುಗ, ಚೀಲ ಹಗುರ ಐತಲ್ಲೋ! ಪೂರಾ ತುಂಬಿಲ್ಲೇನು?”

“ತು... ತುಂಬೇತಿ. ನೀ ನಡಿ,” ಎಂದ ದುರುಗಪ್ಪ. “ನನಗೂ ಇಪ್ಪತ್ತಾರು ವರ್ಷ ಹಂಗ ಅನಸಿತ್ತು.”